ಭಿತ್ತಿಪತ್ರಗಳಲ್ಲಿ ಕೂಟಶಾಸನ

ಗಂಗರ ತಾಮ್ರಶಾಸನಗಳ ವಿಷಯವಾಗಿ ಬಿ. ಎಲ್. ರೈಸರಿಗೂ ಜೆ. ಎಫ್. ಫ್ಲೀಟರಿಗೂ ನಡೆದ ವಾದವು ಕನ್ನಡನಾಡಿನ ಇತಿಹಾಸದಲ್ಲಿ ಆಸಕ್ತಿಯುಳ್ಳವರಿಗೆ ತಿಳಿದುದೇ ಆಗಿದೆ. ರೈಸರು ಆ ಶಾಸನಗಳನ್ನು ನಂಬಿ ಗಂಗರ ವಂಶಾವಳಿಯನ್ನು ಜೋಡಿಸಿದರು. ಫ್ಲೀಟರು ಅವುಗಳ ಲಿಪಿಯನ್ನೂ ಕಾಲನಿರ್ದೇಶವನ್ನೂ ಒರೆಗೆ ಹಚ್ಚಿ, ಇವುಗಳಲ್ಲಿ ಅನೇಕವು ಕೂಟಶಾಸನಗಳು, ಹಿಂದಿನ ಅರಸರ ಹೆಸರಿನಲ್ಲಿ ಈಚಿನವರು ಕೆತ್ತಿಸಿಕೊಂಡವು ಎಂದು ಸಾರಿದರು. ಒಂದೊಂದು ಶಾಸನದ ಮಟ್ಟಿಗೆ ಯಾರ ಮಾತು ನಿಂತಿತು, ಯಾರದು ಬಿದ್ದಿತು ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿಲ್ಲ. ಆ ವಾದದಿಂದ ನಾಡಿನ ವಿದ್ವತ್ತಿಗೆ ಒಂದು ನಿಯಮ ದೃಢವಾಯಿತು: ತಾನು ಪ್ರಾಚೀನವೆಂದು ಹೇಳಿಕೊಳ್ಳುವ ವಸ್ತು ಪರೀಕ್ಷೆಗೆ ನಿಲ್ಲಬೇಕು, ನಿಲ್ಲುವವರೆಗೂ ಅದನ್ನು ಸಾಕ್ಷಿಯೆಂದು ಕರೆಯಲಾಗದು.

ಈ ನಿಯಮವನ್ನು ಕಲ್ಲಿಗೂ ತಾಮ್ರಕ್ಕೂ ಅನ್ವಯಿಸಲು ಹಿಂಜರಿಯದ ವಿದ್ಯಾವಂತರೇ ಕಾಗದದ ಮುಂದೆ ಅದನ್ನು ಮರೆತುಬಿಡುತ್ತಾರೆ. ಹಳೆಯ ಚಲಚ್ಚಿತ್ರಗಳ ಭಿತ್ತಿಪತ್ರಗಳು, ಎಂದರೆ ಊರ ಗೋಡೆಗಳಿಗೆ ಅಂಟಿಸುತ್ತಿದ್ದ ಪೋಸ್ಟರುಗಳು, ಇಂದು ಗಾಜಿನ ಕಟ್ಟು ಹಾಕಿಸಿಕೊಂಡು ನಡುಮನೆಗಳಲ್ಲಿಯೂ ಹೋಟೆಲುಗಳ ಗೋಡೆಗಳ ಮೇಲೂ ವಸ್ತುಪ್ರದರ್ಶನಗಳಲ್ಲಿಯೂ ವಿರಾಜಿಸುತ್ತಿವೆ. ಕೊಂಡವರನ್ನು ‘ಇದು ಅಸಲೆಂದು ತಮಗೆ ಹೇಗೆ ತಿಳಿಯಿತು?’ ಎಂದು ಕೇಳಿದರೆ ದೊರೆಯುವ ಉತ್ತರಗಳು ಮೂರು: ಮಾರಿದವರು ಹಾಗೆಂದರು, ನೋಡಿದರೆ ಹಳೆಯದಾಗಿ ಕಾಣುತ್ತದೆ, ಬೆಲೆ ಬಹಳವಾಯಿತು. ಈ ಮೂರರಲ್ಲಿ ಒಂದೂ ಪ್ರಮಾಣವಲ್ಲ. ಮೊದಲನೆಯದು ಪಕ್ಷಗಾರನ ಹೇಳಿಕೆ. ಎರಡನೆಯದನ್ನು ಒಂದು ಬೋಗುಣಿ ಚಹದ ನೀರು ಸಾಧಿಸಿಕೊಡಬಲ್ಲುದು. ಮೂರನೆಯದು ಕೊಂಡವರ ಔದಾರ್ಯವನ್ನು ಹೊರತು ಬೇರೇನನ್ನೂ ಸ್ಥಾಪಿಸಲಾರದು.

‘ಗೋಡೆಯ ಕಾಗದಕ್ಕೆ ಇಷ್ಟೊಂದು ವಿಚಾರಣೆ ಏತಕ್ಕೆ? ಇದೇನು ಅಶೋಕನ ಶಾಸನವೇ?’ ಎಂದು ನಗುವವರು ಉಂಟು. ಅವರು ಒಂದು ಸಂಗತಿಯನ್ನು ಆಲೋಚಿಸಬೇಕು. ಭಾರತದ ಮೊದಲನೆಯ ವಾಕ್ಚಿತ್ರವಾದ ‘ಆಲಂ ಆರಾ’ 1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಅದರ ಪ್ರತಿ ಇಂದು ಎಲ್ಲಿಯೂ ದೊರೆಯುವುದಿಲ್ಲ. ಕನ್ನಡದ ಮೊದಲನೆಯ ವಾಕ್ಚಿತ್ರವಾಗಿ ತೆರೆಕಂಡ ‘ಸತಿ ಸುಲೋಚನ’ 1934ರದು, ವೈ. ವಿ. ರಾಯರು ನಿರ್ದೇಶಿಸಿ, ಸುಬ್ಬಯ್ಯ ನಾಯಿಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ಮೊದಲಾದವರು ನಟಿಸಿದ ಆ ಚಿತ್ರವನ್ನೂ ಇಂದಿನವರು ನೋಡುವಂತಿಲ್ಲ. ಮೂಕಚಿತ್ರಗಳ ಕಾಲದಲ್ಲಿ ಈ ದೇಶದಲ್ಲಿ ಸಾವಿರಕ್ಕೂ ಮೇಲ್ಪಟ್ಟು ಚಿತ್ರಗಳು ತಯಾರಾದುವು, ಉಳಿದುಬಂದವು ಅತ್ಯಲ್ಪ. ಸಂರಕ್ಷಣೆಗೆಂದೇ 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು ಸ್ಥಾಪಿತವಾಗುವ ವೇಳೆಗೆ ಆಗಬೇಕಾದ ನಷ್ಟ ಬಹುಮಟ್ಟಿಗೆ ಆಗಿಹೋಗಿತ್ತು. ಮೇಲಾಗಿ 2003ರ ಜನವರಿಯಲ್ಲಿ ಪುಣೆಯ ನೈಟ್ರೇಟ್ ಫಿಲ್ಮುಗಳ ಉಗ್ರಾಣಕ್ಕೆ ಬೆಂಕಿ ಬಿದ್ದು ಮತ್ತಷ್ಟು ಸುರುಳಿಗಳು ಸುಟ್ಟುವು.

ಚಿತ್ರವೇ ಇಲ್ಲವಾದ ಮೇಲೆ ಅದರ ಪರವಾಗಿ ಮಾತನಾಡಬಲ್ಲವರು ಯಾರು? ಪತ್ರಿಕೆಯ ಜಾಹೀರಾತು, ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ, ಕೆಲವು ಛಾಯಾಚಿತ್ರ, ಮತ್ತು ಭಿತ್ತಿಪತ್ರ. ಪಾತ್ರಧಾರಿಗಳ ಹೆಸರು ಯಾವ ಕ್ರಮದಲ್ಲಿತ್ತು, ನಿರ್ಮಾಪಕ ಸಂಸ್ಥೆ ತನ್ನನ್ನು ಏನೆಂದು ಕರೆದುಕೊಂಡಿತು, ಯಾವ ದೃಶ್ಯವನ್ನು ಮುಂದಿಟ್ಟು ಜನರನ್ನು ಕರೆಯಿತು ಎಂಬ ಸಂಗತಿಗಳಿಗೆ ಈ ಕಾಗದಗಳೇ ಆಧಾರ. ಇವುಗಳ ಸಾಲಿನಲ್ಲಿ ಒಂದು ಖೋಟಾ ಕಾಗದ ಬಂದು ಕುಳಿತಿತೆಂದರೆ ಅದರ ಚಿತ್ರ ಒಂದು ಪುಸ್ತಕದಲ್ಲಿ ಅಚ್ಚಾಗುತ್ತದೆ. ಆ ಪುಸ್ತಕವನ್ನು ನೋಡಿ ಇನ್ನೊಬ್ಬರು ಬರೆಯುತ್ತಾರೆ. ಮೂರನೆಯ ತಲೆಯವರಿಗೆ ಅದು ಸಿದ್ಧವಾದ ಇತಿಹಾಸ. ಗಂಗರ ಕಾಲದ ಕೂಟಶಾಸನಕಾರನು ಒಂದು ಗ್ರಾಮದ ಭೂಮಿಯನ್ನು ದೋಚಿದ್ದರೆ ಈ ಕಾಲದ ಕೂಟಶಾಸನಕಾರನು ಒಂದು ಕಲೆಯ ಬಾಲ್ಯವನ್ನೇ ದೋಚುತ್ತಾನೆ. ಆದುದರಿಂದ ಇದು ಶೋಕಿಯವರ ಹವ್ಯಾಸದ ಮಾತೆಂದು ತಳ್ಳಿಹಾಕುವಂತಿಲ್ಲ.

ಹಣದ ಆಮಿಷವೂ ಸಣ್ಣದಲ್ಲ. ಜರ್ಮನಿಯ ‘ಮೆಟ್ರೋಪೊಲಿಸ್’ ಎಂಬ 1927ರ ಚಿತ್ರದ ಭಿತ್ತಿಪತ್ರವೊಂದು 2005ರಲ್ಲಿ 6,90,000 ಡಾಲರಿಗೆ ಮಾರಾಟವಾಯಿತು. ಅದೇ 1927ರ ಅಮೆರಿಕದ ‘ಲಂಡನ್ ಆಫ್ಟರ್ ಮಿಡ್‌ನೈಟ್’ ಎಂಬ ಚಿತ್ರವು ಸಂಪೂರ್ಣವಾಗಿ ನಷ್ಟವಾದುದು. ಅದರ ಭಿತ್ತಿಪತ್ರವು 2014ರ ಹರಾಜಿನಲ್ಲಿ 4,78,000 ಡಾಲರುಗಳನ್ನು ತಂದಿತು. ಚಿತ್ರ ಹೋಯಿತು, ಕೂಗಿ ಕರೆದ ಕಾಗದ ಉಳಿಯಿತು. ಇಂಥ ಬೆಲೆಗಳ ಸುದ್ದಿ ಹಬ್ಬಿದಲ್ಲೆಲ್ಲ ಖೋಟಾಗಾರನು ಹಿಂದೆಯೇ ಬರುತ್ತಾನೆ. ಈ ನಾಡಿನ ಬೆಲೆಗಳು ಅಷ್ಟಿಲ್ಲವೆಂದು ನಿಶ್ಚಿಂತೆಯಿಂದ ಇರುವುದು ಸಲ್ಲದು. ಬೆಲೆ ಸಣ್ಣದಾದಷ್ಟೂ ಪರೀಕ್ಷಿಸುವವರು ಕಡಿಮೆ, ಪರೀಕ್ಷಿಸುವವರು ಕಡಿಮೆಯಾದಷ್ಟೂ ಮೋಸ ಸುಲಭ.

ಇನ್ನು ಮೂಲದ ದೋಷಕ್ಕೆ ಬರೋಣ. ಭಿತ್ತಿಪತ್ರವೊಂದರ ವಿಷಯದಲ್ಲಿ ಕೇಳತಕ್ಕ ಪ್ರಶ್ನೆಗಳು ಎರಡು. ಇದು ತಾನು ಹೇಳಿಕೊಳ್ಳುವ ಕಾಲದ್ದೇ ಎಂಬುದು ಒಂದು. ಅದನ್ನು ಪ್ರಾಮಾಣ್ಯ ಎನ್ನೋಣ. ಇದು ಈಗ ಯಾವ ದೆಸೆಯಲ್ಲಿದೆ ಎಂಬುದು ಇನ್ನೊಂದು, ಅದು ಸ್ಥಿತಿ. ಮಾರುಕಟ್ಟೆಯು ಈ ಎರಡನ್ನೂ ಕಲಸಿಬಿಟ್ಟಿದೆ. ಕೊಳ್ಳುವವರಿಗೆ ಹಳೆಯ ಕಾಗದವೂ ಬೇಕು, ಅದು ನಿನ್ನೆ ಅಚ್ಚಾದಂತೆಯೂ ಇರಬೇಕು. ಎಂಬತ್ತು ವರ್ಷದ ಮುದುಕರನ್ನು ಇಪ್ಪತ್ತರ ಮೈಕಟ್ಟಿನೊಡನೆ ಬೇಡುವ ಈ ಬಯಕೆಯೇ ಖೋಟಾಗಾರನ ಬಂಡವಾಳ. ಅವನು ಕೇಳಿದ್ದನ್ನು ಕೊಡುತ್ತಾನೆ, ಅಷ್ಟೇ.

ಭಿತ್ತಿಪತ್ರದ ಜೀವನವನ್ನು ಬಲ್ಲವರು ಹೀಗೆ ಬೇಡುತ್ತಿರಲಿಲ್ಲ. ಅದು ಉಳಿಯಲೆಂದು ಹುಟ್ಟಿದ ವಸ್ತುವಲ್ಲ. ಅಗ್ಗದ ಕಾಗದದ ಮೇಲೆ ಅಚ್ಚಾಗಿ, ಮಡಿಸಿಕೊಂಡು, ಊರಿಂದೂರಿಗೆ ಹೋಗಿ, ಮೈದಾಹಿಟ್ಟಿನ ಅಂಟಿನೊಡನೆ ಗೋಡೆಗೇರಿ, ಮರುವಾರ ಇನ್ನೊಂದು ಕಾಗದದ ಕೆಳಗೆ ಹೂತುಹೋಗುವುದೇ ಅದರ ಗತಿ. ಮಳೆಗೆ ಕರಗದೆ ಉಳಿದುದನ್ನು ಬೀದಿಯ ದನಗಳು ಅಂಟಿನ ರುಚಿಗೆ ಕಿತ್ತು ತಿನ್ನುವುದನ್ನು ಕಾಣದ ಊರಿಲ್ಲ. ಗೋಡೆಗೇರಿದ ಪ್ರತಿ ಇಡಿಯಾಗಿ ಇಳಿದುಬರುವುದು ಬಹುಮಟ್ಟಿಗೆ ಅಸಂಭವ. ಹಾಗಾದರೆ ಇಂದಿಗೆ ಉಳಿದವು ಯಾವುವು? ಹಂಚಿಕೆದಾರರ ಉಗ್ರಾಣದಲ್ಲಿಯೋ ಚಿತ್ರಮಂದಿರದ ಮೂಲೆಯಲ್ಲಿಯೋ ಅಚ್ಚುಕೂಟದ ಅಟ್ಟದಲ್ಲಿಯೋ ಬಳಕೆಯಾಗದೆ ಮಿಕ್ಕ ಪ್ರತಿಗಳು. ಅವು ಮಡಿಕೆಯಲ್ಲಿದ್ದವು. ಆದುದರಿಂದ ಮಡಿಕೆಯ ಗೆರೆ, ಮಡಿಕೆ ಕೂಡುವೆಡೆಯ ಸವೆತ, ಅಂಚಿನ ಕಂದು ಬಣ್ಣ, ಹುಳು ಕೊರೆದ ಒಂದೆರಡು ತೂತು ಇವು ಅಸಲಿಗೆ ಸಹಜವಾದ ಗುರುತುಗಳು. ಮಡಿಕೆಯಿಲ್ಲದ, ಕಲೆಯಿಲ್ಲದ, ಬಣ್ಣ ಮಾಸದ 1950ರ ದಶಕದ ಕಾಗದವೊಂದು ಕೈಗೆ ಬಂದರೆ ಸಂತೋಷಪಡುವುದಕ್ಕಿಂತ ಮೊದಲು ಸಂದೇಹಪಡುವುದು ವಿವೇಕ.

ಪ್ರಾಮಾಣ್ಯದ ವಿಚಾರದಲ್ಲಿ ಅಸಲು, ನಕಲು ಎಂಬ ಎರಡೇ ವರ್ಗಗಳನ್ನು ಮಾಡುವುದು ಸಾಲದು. ವರ್ಗಗಳು ನಾಲ್ಕು: ಚಿತ್ರವು ಮೊದಲು ತೆರೆಕಂಡಾಗ ಅಚ್ಚಾದುದು, ಮರುಬಿಡುಗಡೆಯ ಕಾಲಕ್ಕೆ ಅಚ್ಚಾದುದು, ನಕಲೆಂದು ಹೇಳಿಯೇ ಅಚ್ಚುಮಾಡಿದ ಪ್ರತಿಕೃತಿ, ಅಸಲೆಂದು ನಂಬಿಸಲು ಮಾಡಿದ ಖೋಟಾ. ಮೊದಲ ಮೂರೂ ಪ್ರಾಮಾಣಿಕವಾದ ವಸ್ತುಗಳೇ. ಆದರೆ ಎರಡನೆಯದನ್ನು ಮೊದಲನೆಯದೆಂದು ಮಾರಿದ ಕ್ಷಣದಲ್ಲಿ ಪ್ರಾಮಾಣಿಕವಾದ ಕಾಗದವೂ ಸುಳ್ಳುಸಾಕ್ಷಿಯಾಗುತ್ತದೆ. ಅಮೆರಿಕದ ‘ಗಾನ್ ವಿತ್ ದಿ ವಿಂಡ್’ 1939ರ ಚಿತ್ರ. ಉರಿಯುವ ಜ್ವಾಲೆಗಳ ಮುಂದೆ ನಾಯಕನು ನಾಯಕಿಯನ್ನು ತೋಳಿನಲ್ಲಿ ಎತ್ತಿಕೊಂಡ ಅದರ ಭಿತ್ತಿಪತ್ರವನ್ನು ಲೋಕವೆಲ್ಲ 1939ರದೆಂದೇ ಭಾವಿಸಿದೆ. ವಸ್ತುತಃ ಆ ಚಿತ್ರವನ್ನು ಹೊವರ್ಡ್ ಟರ್ಪ್‌ನಿಂಗ್ ಎಂಬ ಕಲಾವಿದರು ಬರೆದುದು 1967ರ ಮರುಬಿಡುಗಡೆಗಾಗಿ. ಕನ್ನಡದ ‘ಕಸ್ತೂರಿ ನಿವಾಸ’ 1971ರಲ್ಲಿ ಕಪ್ಪುಬಿಳುಪಿನ ಚಿತ್ರವಾಗಿ ಬಂದಿತು. ಬಣ್ಣ ತುಂಬಿ ಅದನ್ನು ಮತ್ತೆ ತೆರೆಗೆ ತಂದುದು 2014ರಲ್ಲಿ. 1965ರ ‘ಸತ್ಯ ಹರಿಶ್ಚಂದ್ರ’ವೂ ಹಾಗೆಯೇ 2008ರಲ್ಲಿ ಬಣ್ಣ ತೊಟ್ಟು ಬಂದಿತು. ಈ ಮರುಬಿಡುಗಡೆಗಳ ಕಾಗದವೂ ಒಂದು ದಿನ ಹಳೆಯದಾಗುವುದು. ಆಗ ಅದನ್ನು ಮೂಲದ್ದೆಂದು ಮಾರಲು ಬರುವವರಿಗೆ ಇಂದಿನವರೇ ದಾರಿ ಮಾಡಿಕೊಡಬಾರದು. ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕಪ್ಪುಬಿಳುಪು ಚಿತ್ರಗಳಿಗೂ ಆ ಕಾಲದ ಕಲಾವಿದರು ಬಣ್ಣದ ಭಿತ್ತಿಪತ್ರಗಳನ್ನೇ ಬರೆಯುತ್ತಿದ್ದರು. ಆದುದರಿಂದ ಬಣ್ಣವಿದೆಯೆಂಬ ಮಾತ್ರಕ್ಕೆ ಕಾಗದವನ್ನು ದೂಷಿಸಲಾಗದು. ಕುಂಚದ ಬಣ್ಣವೋ ಬಣ್ಣ ತುಂಬಿದ ಛಾಯಾಚಿತ್ರವೋ ಎಂಬುದನ್ನು ನೋಡಬೇಕು.

‘ಇದೆಲ್ಲ ಪರಿಣತರ ಕೆಲಸ, ಗೃಹಸ್ಥರಿಗೆ ಹೇಗೆ ಸಾಧ್ಯ?’ ಎಂಬ ಆಕ್ಷೇಪವು ಸೋಮಾರಿತನದ ಸಭ್ಯವಾದ ಹೆಸರು. ಅಕ್ಷರ ಬಲ್ಲವರು ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು ಐದು ಇವೆ. ಅವುಗಳಿಗೆ ಬೇಕಾದ ಸಾಮಗ್ರಿ ಒಂದು ಭೂತಗನ್ನಡಿ, ಒಂದು ಅಳತೆಯ ಪಟ್ಟಿ, ಮತ್ತು ನೋಟುಗಳನ್ನು ಪರೀಕ್ಷಿಸಲು ಅಂಗಡಿಗಳಲ್ಲಿ ಇಡುವಂಥ ಅತಿನೇರಳೆ ಕಿರಣದ ದೀಪ.

ಮೊದಲನೆಯದು, ಓದುವುದು. ಭಿತ್ತಿಪತ್ರವನ್ನು ಎಲ್ಲರೂ ನೋಡುತ್ತಾರೆ, ಓದುವವರು ವಿರಳ. ಶಾಸನತಜ್ಞರು ಅರಸನ ಬಿರುದುಗಳಿಂದ ಕಾಲವನ್ನು ನಿರ್ಣಯಿಸುವಂತೆ ಇಲ್ಲಿಯೂ ನಿರ್ಣಯಿಸಬಹುದು. ರಾಜ್‌ಕುಮಾರರಿಗೆ ಮೈಸೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟನ್ನು ಕೊಟ್ಟುದು 1976ರಲ್ಲಿ. 1972ರ ‘ಬಂಗಾರದ ಮನುಷ್ಯ’ದ ಭಿತ್ತಿಪತ್ರದಲ್ಲಿ ಅವರ ಹೆಸರಿನ ಹಿಂದೆ ‘ಡಾ.’ ಎಂದಿದ್ದರೆ ಆ ಕಾಗದ ಮೊದಲ ಬಿಡುಗಡೆಯದಲ್ಲವೆಂದು ಅಲ್ಲಿಗೇ ತೀರ್ಮಾನವಾಯಿತು. ಮೈಸೂರು ರಾಜ್ಯವು ಕರ್ನಾಟಕವಾದುದು 1973ರ ನವೆಂಬರ್ 1ರಂದು. ಅಂಚೆಯ ಆರಂಕಿಯ ಪಿನ್ ಸಂಖ್ಯೆ ಬಳಕೆಗೆ ಬಂದುದು 1972ರ ಆಗಸ್ಟ್ 15ರಂದು. ಚಿತ್ರ ಪರಿಶೀಲನೆಯವರ ‘ಯು/ಎ’ ಎಂಬ ವರ್ಗ ಹುಟ್ಟಿದುದು 1983ರಲ್ಲಿ. ದಶಮಾಂಶ ನಾಣ್ಯ ಬಂದುದು 1957ರ ಏಪ್ರಿಲ್ 1ರಂದು. 1954ರ ‘ಬೇಡರ ಕಣ್ಣಪ್ಪ’ನ ಹಾಡಿನ ಪುಸ್ತಕದ ಮೇಲೆ ಬೆಲೆಯು ಆಣೆಯಲ್ಲಿರದೆ ಪೈಸೆಯಲ್ಲಿದ್ದರೆ ಅದು ಆ ವರ್ಷದ ಮುದ್ರಣವಲ್ಲ. ಇನ್ನು, ಮುದ್ರಿತವಾದ ಪುಸ್ತಕ ಮತ್ತು ಕಾಗದಗಳ ಮೇಲೆ ಮುದ್ರಕರ ಹೆಸರೂ ಸ್ಥಳವೂ ಇರಬೇಕೆಂದು 1867ರ ಕಾಯಿದೆ ವಿಧಿಸಿತ್ತು. ಕಾಗದದ ಕಾಲಿನ ಬಳಿ ಇರಬೇಕಾದ ಆ ಸಣ್ಣ ಸಾಲನ್ನು ಹುಡುಕಬೇಕು; ಇದ್ದರೆ ಓದಬೇಕು; ಕತ್ತರಿಸಿ ತೆಗೆದಿದ್ದರೆ ಏಕೆ ಕತ್ತರಿಸಿದರೆಂದು ಕೇಳಬೇಕು. ಅಮೆರಿಕದ ಕಾಗದಗಳಲ್ಲಿಯಾದರೆ, 1940ರ ಸುಮಾರಿನಿಂದ ಹಲವು ದಶಕಗಳ ಕಾಲ ಹಂಚಿಕೆಯನ್ನು ನಡೆಸಿದ ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಎಂಬ ಸಂಸ್ಥೆಯ ಅಂಕೆಗಳು ಕೆಳ ಅಂಚಿನಲ್ಲಿರುತ್ತವೆ. 53 ಎಂದು ಮೊದಲಾದರೆ ಅದು 1953ರದು. ಅದರ ಹಿಂದೆ ‘ಆರ್’ ಎಂಬ ಅಕ್ಷರವಿದ್ದರೆ ಮರುಬಿಡುಗಡೆಯದು.

ಎರಡನೆಯದು, ಅಕ್ಷರಗಳ ರೂಪ. ಹಿಂದಿನ ಕಾಲದ ಭಿತ್ತಿಪತ್ರಗಳ ದೊಡ್ಡ ಅಕ್ಷರಗಳನ್ನು ಕಲಾವಿದರು ಕೈಯಿಂದಲೇ ಬರೆಯುತ್ತಿದ್ದರು. ಕೈಬರಹದಲ್ಲಿ ಒಂದು ‘ಕ’ಕಾರವು ಇನ್ನೊಂದು ‘ಕ’ಕಾರಕ್ಕೆ ಸೋದರನಾಗಬಹುದು, ಪಡಿಯಚ್ಚಾಗಲಾರದು. 1990ರ ದಶಕದ ಬಳಿಕ ಗಣಕಯಂತ್ರದ ಕನ್ನಡ ಅಕ್ಷರಗಳು ಮನೆಮನೆಗೆ ಬಂದುವು. ‘1960ರ ಅಸಲು’ ಎಂದು ಹೇಳಿಕೊಳ್ಳುವ ಕಾಗದದಲ್ಲಿ ದೊಡ್ಡ ಅಕ್ಷರಗಳು ಮದುವೆಯ ಆಮಂತ್ರಣದಲ್ಲಿ ದಿನವೂ ಕಾಣುವ ಗಣಕದ ಅಕ್ಷರಗಳೇ ಆಗಿದ್ದರೆ ಹೆಚ್ಚಿನ ವಿಚಾರಣೆ ಬೇಕಾಗಿಲ್ಲ. ಲಿಪಿಯ ಪರೀಕ್ಷೆ ಫ್ಲೀಟರ ಕಾಲದಲ್ಲಿ ಎಷ್ಟು ಬಲವಾಗಿತ್ತೋ ಈಗಲೂ ಅಷ್ಟೇ ಬಲವಾಗಿದೆ.

ಮೂರನೆಯದು, ಅಳತೆ ಮತ್ತು ಮಡಿಕೆ. ಅಮೆರಿಕದ ‘ಒನ್ ಶೀಟ್’ ಎಂಬ ಭಿತ್ತಿಪತ್ರದ ಅಳತೆ 1980ರ ದಶಕದ ನಡುವಿನವರೆಗೆ ಸಾಮಾನ್ಯವಾಗಿ 27×41 ಅಂಗುಲ, ಆಮೇಲೆ 27×40. ಅಡ್ಡಲಾಗಿ ಮೂರು, ಉದ್ದಕ್ಕೆ ಒಂದು ಮಡಿಕೆ ಹಾಕಿ ಎಂಟು ಭಾಗವಾಗಿ ಅದನ್ನು ಕಳುಹಿಸುತ್ತಿದ್ದರು. ಈ ದೇಶದಲ್ಲಿ 30×40 ಮತ್ತು 20×30 ಅಂಗುಲಗಳ ಹಾಳೆಗಳು ಸಾಮಾನ್ಯ. ಪ್ರತಿಕೃತಿ ಮಾಡುವವರು ಇಂದಿನ ಕಟ್ಟುಗಳಿಗೆ ಹೊಂದುವ ಅಳತೆಯನ್ನು ಹಿಡಿಯುತ್ತಾರೆ, ಮೂಲದ ಅಳತೆಯನ್ನಲ್ಲ. ಮತ್ತೊಂದು ತಮಾಷೆ ಉಂಟು. ಅಸಲನ್ನು ಛಾಯಾಚಿತ್ರ ತೆಗೆದು ಅಚ್ಚುಮಾಡಿದಾಗ ಅದರ ಮಡಿಕೆಗಳೂ ಹರಕುಗಳೂ ಚಿತ್ರವಾಗಿ ಅಚ್ಚಾಗುತ್ತವೆ. ಕಣ್ಣಿಗೆ ಮಡಿಕೆ ಕಾಣುತ್ತದೆ, ಬೆರಳಿಗೆ ಸಿಗುವುದಿಲ್ಲ. ಕಣ್ಣು ನಂಬಿದ್ದನ್ನು ಬೆರಳು ಒಪ್ಪದಿದ್ದರೆ ಬೆರಳಿನ ಮಾತನ್ನೇ ಕೇಳಬೇಕು.

ನಾಲ್ಕನೆಯದು, ಭೂತಗನ್ನಡಿ. ರವಿವರ್ಮರ ಅಚ್ಚುಕೂಟವು 1894ರಿಂದ ದೇವರ ಪಟಗಳನ್ನು ಮನೆಮನೆಗೆ ಮುಟ್ಟಿಸಿದ ಕಲ್ಲಚ್ಚಿನ ವಿದ್ಯೆಯಿಂದಲೇ ಹಿಂದಿನ ಅನೇಕ ಭಿತ್ತಿಪತ್ರಗಳೂ ಹೊರಬಿದ್ದುವು. ಕಲ್ಲಚ್ಚಿನ ಬಣ್ಣವನ್ನು ಗಾಜಿನಡಿಯಲ್ಲಿ ನೋಡಿದರೆ ಮರಳು ಎರಚಿದಂತೆ ಕ್ರಮವಿಲ್ಲದ ಕಣಗಳು ಕಾಣುತ್ತವೆ. ಆಫ್‌ಸೆಟ್ ಮುದ್ರಣದಲ್ಲಿ ಬಣ್ಣದ ಬಿಂದುಗಳು ಸಾಲುಗೂಡಿ ಹೂವಿನ ಎಸಳುಗಳಂತೆ ನಿಲ್ಲುತ್ತವೆ. ಬಿಂದುಗಳಿವೆಯೆಂದ ಮಾತ್ರಕ್ಕೆ ಖೋಟಾ ಎನ್ನಲಾಗದು. ಆಫ್‌ಸೆಟ್ಟಿನ ಅಸಲುಗಳೂ ಬೇಕಾದಷ್ಟಿವೆ. ನೋಡತಕ್ಕುದು ಸಣ್ಣ ಅಕ್ಷರಗಳನ್ನು. ಅಸಲಿನಲ್ಲಿ ಅವು ಒಂದೇ ಮಸಿಯಿಂದ ತುಂಬಿ, ಅಂಚು ಕತ್ತರಿಸಿದಂತೆ ಇರುತ್ತವೆ. ಅಚ್ಚಾದುದರಿಂದ ಮತ್ತೆ ಅಚ್ಚುಮಾಡಿದ ಪ್ರತಿಯಲ್ಲಿ ಆ ಅಕ್ಷರಗಳೇ ಬಿಂದುಗಳಾಗಿ ಒಡೆದು, ಅಂಚು ಹರಡಿ, ಮಂಜು ಕವಿದಂತೆ ಕಾಣುತ್ತವೆ. ಗಣಕಕ್ಕೆ ಜೋಡಿಸಿದ ಯಂತ್ರದಿಂದ ಶಾಯಿ ಚಿಮುಕಿಸಿದ ಪ್ರತಿಯಲ್ಲಿ ಎಸಳಿನ ಆಕಾರವೂ ಇರದೆ ಬಣ್ಣದ ಹನಿಗಳು ಚದರಿರುತ್ತವೆ.

ಐದನೆಯದು, ಬೆನ್ನು ಮತ್ತು ಬೆಳಕು. ಮೋಸಗಾರನು ಮುಖವನ್ನು ಸಿಂಗರಿಸುತ್ತಾನೆ, ಬೆನ್ನನ್ನು ಮರೆಯುತ್ತಾನೆ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಉಳಿದುಕೊಂಡ ಲಿಗ್ನಿನ್ ಎಂಬ ವಸ್ತುವು ಗಾಳಿ ಬೆಳಕುಗಳ ಸಂಪರ್ಕದಿಂದ ಕಂದುತ್ತದೆ. ಈ ಕಂದು ಬಣ್ಣಕ್ಕೆ ಒಂದು ನ್ಯಾಯವಿದೆ: ಗಾಳಿ ತಗುಲಿದ ಅಂಚು ಹೆಚ್ಚು ಕಂದುತ್ತದೆ, ಮಡಿಕೆಯಲ್ಲಿ ಹೊರಗಿದ್ದ ಭಾಗ ಹೆಚ್ಚು, ಒಳಗಿದ್ದ ಭಾಗ ಕಡಿಮೆ. ಚಹದಲ್ಲಿ ಅದ್ದಿದ ಕಾಗದಕ್ಕೆ ಈ ನ್ಯಾಯ ತಿಳಿಯದು. ಅದು ಎಲ್ಲೆಡೆ ಒಂದೇ ಸಮನೆ ಹಳೆಯದಾಗಿರುತ್ತದೆ, ಇಲ್ಲವೆ ನೀರು ನಿಂತೆಡೆ ಗೆರೆ ಬಿಟ್ಟಿರುತ್ತದೆ. ಕಾಗದವನ್ನು ಬೆಳ್ಳಗೆ ತೋರಿಸುವ ರಾಸಾಯನಿಕಗಳು ಕಾಗದದ ಕಾರ್ಖಾನೆಗಳಲ್ಲಿ ಬಳಕೆಗೆ ಬಂದುದು 1950ರ ಸುಮಾರಿನಿಂದ. ಅವು ಅತಿನೇರಳೆ ದೀಪದಡಿ ನೀಲಿಯಾಗಿ ಹೊಳೆಯುತ್ತವೆ. 1934ರದೆಂದು ಹೇಳುವ ಕಾಗದವು ಕತ್ತಲೆಯ ಕೋಣೆಯಲ್ಲಿ ಒಗೆದ ಬಿಳಿಯ ಪಂಚೆಯಂತೆ ಹೊಳೆದರೆ ಅದರ ಕಥೆ ಮುಗಿಯಿತು. ಹಿಂದೆ ಹಚ್ಚಿದ ಹೊಸ ಕಾಗದವೂ ಹೊಳೆಯಬಹುದಾದುದರಿಂದ ಮೂಲ ಕಾಗದವೇ ಹೊಳೆಯುತ್ತಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಹೊಳೆಯಲಿಲ್ಲವೆಂದ ಮಾತ್ರಕ್ಕೆ ಅಸಲೆಂದು ಸಿದ್ಧವಾಗುವುದಿಲ್ಲವೆಂಬುದನ್ನೂ ಮರೆಯಬಾರದು.

ಈ ಪರೀಕ್ಷೆಗಳಿಗೆ ಒಂದು ಮಿತಿಯಿದೆ. ಇವು ಸುಳ್ಳನ್ನು ಹಿಡಿಯಬಲ್ಲವು, ಸತ್ಯಕ್ಕೆ ಜಾಮೀನು ನಿಲ್ಲಲಾರವು. ಅಮೆರಿಕದಲ್ಲಿ ಹಿಂದಿನ ಭಯಾನಕ ಚಿತ್ರಗಳ ಪ್ರಚಾರಪತ್ರಗಳನ್ನು ನಿಜವಾಗಿಯೂ ಹಳೆಯದಾದ ಕಾಗದದ ಮೇಲೆಯೇ ಅಚ್ಚುಮಾಡಿ ಸಂಗ್ರಾಹಕರನ್ನು ವಂಚಿಸಿದ ಪ್ರಕರಣವೊಂದು ಈ ಶತಮಾನದಲ್ಲಿಯೇ ನ್ಯಾಯಾಲಯಕ್ಕೆ ಹೋಗಿ ಶಿಕ್ಷೆಯಾಗಿದೆ. ಕಾಗದವೇ ಹಳೆಯದಾದಾಗ ದೀಪವೇನು ಮಾಡೀತು? ಅಲ್ಲಿ ಉಳಿಯುವ ಪ್ರಮಾಣ ಹಸ್ತಾಂತರದ ವೃತ್ತಾಂತ: ಈ ಪತ್ರ ಯಾರಿಂದ ಯಾರಿಗೆ ಬಂದಿತು, ಯಾವ ಊರಿನ ಯಾವ ಚಿತ್ರಮಂದಿರದಿಂದ ಹೊರಟಿತು. ಭೂಮಿ ಕೊಳ್ಳುವಾಗ ಮೂರು ತಲೆಯ ಪತ್ರಗಳನ್ನು ಕೇಳುವ ಗೃಹಸ್ಥರು ಸಾವಿರಾರು ರೂಪಾಯಿಯ ಕಾಗದಕ್ಕೆ ಒಂದು ತಲೆಯ ಪತ್ರವನ್ನೂ ಕೇಳದಿರುವುದು ಆಶ್ಚರ್ಯವೇ ಸರಿ.

ಸ್ಥಿತಿಯ ವಿಷಯಕ್ಕೆ ಬಂದರೆ ವ್ಯಾಪಾರದ ಭಾಷೆಯೇ ಒಂದು ಬಲೆ. ‘ಮಿಂಟ್’, ‘ವೆರಿ ಫೈನ್’, ‘ಫೈನ್’, ‘ಗುಡ್’ ಎಂಬ ದರ್ಜೆಗಳಲ್ಲಿ ‘ಗುಡ್’ ಎಂದರೆ ಒಳ್ಳೆಯದೆಂದು ತಿಳಿದವರು ಕೆಟ್ಟರು. ಅದು ಬಹಳ ಸವೆದ ಕಾಗದಕ್ಕೆ ಕೊಡುವ ಹೆಸರು. ದರ್ಜೆಯ ಹೆಸರನ್ನು ಬಿಟ್ಟು ದೋಷಗಳ ಪಟ್ಟಿಯನ್ನೇ ಕೇಳುವುದು ಕ್ಷೇಮ. ಅಂಚು ಕತ್ತರಿಸಲ್ಪಟ್ಟಿದೆಯೇ, ಮಡಿಕೆ ಬಿಟ್ಟಿದೆಯೇ, ತೂತು ತುಂಬಲ್ಪಟ್ಟಿದೆಯೇ, ಬಣ್ಣ ಹಚ್ಚಲ್ಪಟ್ಟಿದೆಯೇ, ಅಂಟುಪಟ್ಟಿಯ ಕಲೆಯಿದೆಯೇ ಎಂಬ ಐದು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಕೊಡಲು ಒಪ್ಪದವರಿಂದ ಕೊಳ್ಳದಿರುವುದೇ ಲಾಭ.

ಇಲ್ಲಿ ಒಂದು ಪ್ರಬಲವಾದ ಪೂರ್ವಪಕ್ಷವಿದೆ. ‘ದೇವಾಲಯಗಳ ಜೀರ್ಣೋದ್ಧಾರ ಪುಣ್ಯಕಾರ್ಯವಾದರೆ ಕಾಗದದ ಜೀರ್ಣೋದ್ಧಾರ ಪಾಪ ಹೇಗಾದೀತು?’ ಎಂದು ರಿಪೇರಿಯ ಪಕ್ಷದವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದು. ಉತ್ತರವು ಆ ಉಪಮಾನದಲ್ಲಿಯೇ ಇದೆ. ಜೀರ್ಣೋದ್ಧಾರ ಮಾಡಿದವರು ಬಾಗಿಲಲ್ಲಿ ಕಲ್ಲು ನೆಟ್ಟು, ಇಂಥ ಸಂವತ್ಸರದಲ್ಲಿ ಇಂಥವರು ಮಾಡಿಸಿದರು ಎಂದು ಬರೆಸುತ್ತಿದ್ದರು. ಭಿತ್ತಿಪತ್ರದ ಜೀರ್ಣೋದ್ಧಾರಕರು ಆ ಕಲ್ಲನ್ನೇ ಅಡಗಿಸುತ್ತಾರೆ. ಶಿಥಿಲವಾದ ಹಾಳೆಯ ಹಿಂದೆ ತೆಳ್ಳಗಿನ ನಾರುಕಾಗದವನ್ನೂ ಬಟ್ಟೆಯನ್ನೂ ಗೋಧಿಹಿಟ್ಟಿನ ಅಂಟಿನಿಂದ ಹಚ್ಚುವುದು ಒಪ್ಪತಕ್ಕ ಕಾರ್ಯ. ನೀರಿನಿಂದ ಅದನ್ನು ಮತ್ತೆ ಬಿಡಿಸಬಹುದು, ಮೂಲಕ್ಕೆ ಹಾನಿಯಿಲ್ಲ. ಹರಿದೆಡೆಯನ್ನು ಸೇರಿಸಿದರೂ ಬಾಧಕವಿಲ್ಲ. ಆದರೆ ಹೋದ ಮುಖವನ್ನು ಊಹಿಸಿ ಬರೆಯುವುದು, ಹೋದ ಅಕ್ಷರವನ್ನು ತೋಚಿದಂತೆ ತುಂಬುವುದು, ಮಾಸಿದ ಆಕಾಶಕ್ಕೆ ಹೊಸ ನೀಲಿಯನ್ನು ಊದುವುದು, ಇದೆಲ್ಲವನ್ನೂ ಮಾಡಿ ಬಾಯಿ ಮುಚ್ಚಿಕೊಂಡು ‘ಸ್ಥಿತಿ ಅತ್ಯುತ್ತಮ’ ಎಂದು ಮಾರುವುದು, ಇದು ಖೋಟಾದ ತಮ್ಮನೇ ಹೊರತು ಬೇರೆಯಲ್ಲ. ಶಾಸನದಲ್ಲಿ ಒಡೆದ ಅಕ್ಷರವನ್ನು ಸಂಪಾದಕರು ಕಂಸದಲ್ಲಿ ತುಂಬುತ್ತಾರೆ. ಕಂಸವಿಲ್ಲದೆ ತುಂಬಿದವರನ್ನು ವಿದ್ವಾಂಸರು ಸಂಪಾದಕರೆಂದು ಕರೆಯುವುದಿಲ್ಲ.

ದುರುದ್ದೇಶವಿಲ್ಲದ ಹಾನಿಯೂ ಉಂಟು, ಅದು ಇನ್ನೂ ಶೋಚನೀಯ. ಕಾಪಾಡುವ ಭಕ್ತಿಯಿಂದಲೇ ಹಳೆಯ ಕಾಗದಕ್ಕೆ ಪ್ಲಾಸ್ಟಿಕ್ಕಿನ ಲ್ಯಾಮಿನೇಷನ್ ಮಾಡಿಸುವ ಮನೆಗಳಿವೆ. ಬಿಸಿಯಿಂದ ಅಂಟಿಸಿದ ಆ ಹೊದಿಕೆಯನ್ನು ಕಾಗದ ಕೀಳದೆ ತೆಗೆಯುವುದು ಅತ್ಯಂತ ಕಷ್ಟ. ಅದರೊಳಗೆ ಕಾಗದದ ಆಮ್ಲ ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಹಲಗೆಗೆ ಗೋಂದಿನಿಂದ ಅಂಟಿಸುವುದೂ, ಹರಕಿಗೆ ಪಾರದರ್ಶಕ ಅಂಟುಪಟ್ಟಿಯನ್ನು ಹಚ್ಚುವುದೂ, ಬಿಸಿಲು ಬೀಳುವ ಗೋಡೆಯಲ್ಲಿ ತೂಗುಹಾಕುವುದೂ ಇದೇ ಜಾತಿಯ ಪ್ರೀತಿ. ಆಮ್ಲರಹಿತ ಕಾಗದದ ನಡುವೆ, ತೇವವಿಲ್ಲದ ಕತ್ತಲೆಯಲ್ಲಿ, ಚಪ್ಪಟೆಯಾಗಿ ಇರಿಸಿ, ಗೋಡೆಗೆ ಅದರ ಪ್ರತಿಕೃತಿಯೊಂದನ್ನು ತೂಗುಹಾಕಿದರೆ ಕಣ್ಣಿಗೂ ತೃಪ್ತಿ, ಕಾಗದಕ್ಕೂ ಆಯುಸ್ಸು.

‘ಹಾಗಾದರೆ ಪ್ರತಿಕೃತಿ ದೋಷವಲ್ಲವೆಂದಾಯಿತು, ಅಸಲಿನ ಗೊಡವೆಯೇ ಬೇಡವೆಂದೇಕೆ ಹೇಳಬಾರದು?’ ಎಂದು ಕೊನೆಯ ಆಕ್ಷೇಪಕರು ಕೇಳಬಹುದು. ಓಲೆಗರಿಯ ಗ್ರಂಥವು ಅಚ್ಚಾಗಿ ಮನೆಮನೆಗೆ ಬಂದಿತೆಂದು ಯಾರೂ ಓಲೆಗರಿಯನ್ನು ಒಲೆಗೆ ಹಾಕಲಿಲ್ಲ. ಅಚ್ಚಿನ ಪಾಠದಲ್ಲಿ ಸಂದೇಹ ಬಂದಾಗ ನೋಡಲು ಗರಿಯೇ ಬೇಕು. ಪ್ರತಿಕೃತಿಯು ಚಿತ್ರವನ್ನು ತೋರಿಸುತ್ತದೆ. ಕಾಗದ ಯಾವುದು, ಮಸಿ ಯಾವುದು, ಮುದ್ರಕರು ಯಾರು, ಮೊದಲು ಅಚ್ಚಾದ ಹೆಸರು ಯಾವುದು, ಆಮೇಲೆ ಸೇರಿದ ಹೆಸರು ಯಾವುದು ಎಂದು ಕೇಳಿದರೆ ಅದು ಮೂಕ. ತನ್ನ ಮೇಲೆ ‘ಪ್ರತಿಕೃತಿ’ ಎಂದು ಅಚ್ಚುಮಾಡಿಸಿಕೊಂಡು ಬಂದ ನಕಲಿಗೆ ಮನೆಯಲ್ಲಿ ಮರ್ಯಾದೆಯ ಸ್ಥಾನವಿರಲಿ. ಅಸಲಿನ ಪೀಠ ಬೇಡ.

ಕೊಳ್ಳುವವರು ಕೇಳದಿದ್ದರೆ ಮಾರುವವರು ಹೇಳುವುದಿಲ್ಲ. ಈ ಮೋಸದಲ್ಲಿ ವಿದ್ಯಾವಂತ ಕುಟುಂಬಗಳಿಗೂ ಪಾಲಿದೆಯೆಂದು ನಿಷ್ಠುರವಾಗಿ ಹೇಳಬೇಕಾಗಿದೆ; ಅಂದದ ಕಟ್ಟಿಗೆ ಹಣ ಕೊಟ್ಟು ಪ್ರಶ್ನೆಗೆ ಬಾಯಿ ಕೊಡದವರು ಅವರೇ. ಕೊಳ್ಳುವ ಮುನ್ನ ಮೂರು ಮಾತುಗಳನ್ನು ಸಹಿಯೊಡನೆ ಬರೆಯಿಸಿಕೊಳ್ಳುವ ಪದ್ಧತಿ ಬಂದರೆ, ಎಂದರೆ ಯಾವ ಬಿಡುಗಡೆಯ ಕಾಗದ, ಯಾವ ಯಾವ ರಿಪೇರಿ ಆಗಿದೆ, ಎಲ್ಲಿಂದ ಬಂದಿತು ಎಂಬಿವುಗಳನ್ನು, ಅರ್ಧ ಅಂಗಡಿಗಳು ತಾವಾಗಿಯೇ ಸತ್ಯವಂತವಾಗುವುವು. ಜಿಲ್ಲೆಯ ಸಂಘಗಳಿಗೂ ಇದರಲ್ಲಿ ಕೆಲಸವಿದೆ. ತಾಲ್ಲೂಕು ಊರುಗಳ ಹಳೆಯ ಚಿತ್ರಮಂದಿರಗಳು ಒಂದೊಂದಾಗಿ ಮುಚ್ಚುತ್ತಿವೆ; ಕಟ್ಟಡ ಕೆಡಹುವ ದಿನ ಅವುಗಳ ಮೂಲೆಯ ಕಾಗದದ ಕಟ್ಟು ರದ್ದಿಯವರ ತಕ್ಕಡಿಗೆ ಹೋಗುತ್ತದೆ. ಆ ದಿನಕ್ಕಿಂತ ಮೊದಲು ಅಲ್ಲಿಗೆ ಹೋಗಿ, ಇರುವುದನ್ನು ಎಣಿಸಿ, ಅಳತೆ, ಮುದ್ರಕರ ಸಾಲು, ದೋಷ, ದೊರೆತ ಸ್ಥಳ ಇವುಗಳನ್ನು ಬರೆದಿಟ್ಟು, ಎರಡು ಕಡೆಯ ಛಾಯಾಚಿತ್ರವನ್ನೂ ತೆಗೆದಿರಿಸಿದರೆ, ಮುಂದೆ ಬರುವ ಯಾವ ಖೋಟಾಗಾರನೂ ಆ ಪಟ್ಟಿಯ ಎದುರು ನಿಲ್ಲಲಾರನು. ನಾಡಿನ ಕಲ್ಲುಗಳನ್ನು ಊರೂರು ಸುತ್ತಿ ಓದಿಸಿದವರ ಶ್ರಮದಿಂದ ಅರಸರ ಚರಿತ್ರೆ ಉಳಿಯಿತು. ಗೋಡೆಗಳ ಕಾಗದವನ್ನು ಓದುವ ಶ್ರಮಕ್ಕೆ ಅಷ್ಟು ದೂರ ಸುತ್ತಬೇಕಾಗಿಲ್ಲ. ಗೆದ್ದಲಿಗಿಂತ ಸ್ವಲ್ಪ ಮುಂಚಿತವಾಗಿ ಹೊರಟರೆ ಸಾಕು.